ಹೋಟೆಲ್ ಪಾಯಿಂಟ್ಸ್ ಕೊಟ್ಟು ವಿಮಾನ ಹತ್ತುವ ಲೆಕ್ಕ

ಕಂಪನಿ ಕೆಲಸಕ್ಕೆಂದು ಮುಂಬೈ, ದೆಹಲಿ, ಹೈದರಾಬಾದ್ ಅಂತ ಸುತ್ತುವವರ ಫೋನಿನಲ್ಲಿ ಒಂದು ಸಣ್ಣ ಆಸ್ತಿ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ. ರೂಮಿನ ಬಿಲ್ಲು ಕಂಪನಿ ಕಟ್ಟುತ್ತದೆ, ಪಾಯಿಂಟ್ಸ್ ಮಾತ್ರ ಉಳಿದುಕೊಂಡವರ ಖಾತೆಗೆ ಬೀಳುತ್ತದೆ. ಎರಡು ಮೂರು ವರ್ಷದಲ್ಲಿ ಅದು ಲಕ್ಷದ ಹತ್ತಿರ ಹೋಗುತ್ತದೆ. ಆಗ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ದಿನವೆಲ್ಲ ಹೋಟೆಲಿನಲ್ಲೇ ಇರ್ತೀಯ, ಮತ್ತೆ ಹೋಟೆಲ್ ರೂಮು ಯಾಕೆ? ಇದರಲ್ಲಿ ಅಪ್ಪ ಅಮ್ಮನಿಗೆ ವಿಮಾನದ ಟಿಕೆಟ್ ಆಗಲ್ವಾ?’

ಆಗುತ್ತದೆ. ದೊಡ್ಡ ಹೋಟೆಲ್ ಸರಪಳಿಗಳೆಲ್ಲ ತಮ್ಮ ಪಾಯಿಂಟ್ಸನ್ನು ವಿಮಾನ ಕಂಪನಿಗಳ ಮೈಲ್ಸ್, ಅಂದರೆ ಆ ಕಂಪನಿಗಳ ಪಾಯಿಂಟ್ಸ್ ಆಗಿ ಬದಲಾಯಿಸಿಕೊಳ್ಳಲು ಬಿಡುತ್ತವೆ. ಆ ಮೈಲ್ಸ್ ಕೊಟ್ಟು ಟಿಕೆಟ್ ತೆಗೆದುಕೊಳ್ಳಬಹುದು, ಅದಕ್ಕೆ ಅವಾರ್ಡ್ ಟಿಕೆಟ್ ಎನ್ನುತ್ತಾರೆ. ಆದರೆ ಈ ದಾರಿಯಲ್ಲಿ ಜನ ಕಳೆದುಕೊಳ್ಳುವುದೇ ಹೆಚ್ಚು. ಕಳೆದುಕೊಂಡದ್ದು ಅವರಿಗೆ ಗೊತ್ತೂ ಆಗುವುದಿಲ್ಲ, ಏಕೆಂದರೆ ಕೈಯಿಂದ ರೂಪಾಯಿ ಹೋಗಿರುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಕಾದ ವಿಮಾನದಲ್ಲಿ, ಬೇಕಾದ ತಾರೀಖಿಗೆ, ಬೇಕಾದಷ್ಟು ಅವಾರ್ಡ್ ಸೀಟು ಕಣ್ಣಿಗೆ ಕಾಣುವ ತನಕ ಒಂದೇ ಒಂದು ಪಾಯಿಂಟನ್ನೂ ಹೋಟೆಲ್ ಖಾತೆಯಿಂದ ಅಲುಗಾಡಿಸಬಾರದು. ಯಾಕೆ ಅನ್ನುವುದನ್ನು ಮ್ಯಾರಿಯಟ್ ಸರಪಳಿಯ ಪಾಯಿಂಟ್ಸ್ ಯೋಜನೆಯಾದ ಬೋನ್‌ವಾಯ್ ಉದಾಹರಣೆ ಇಟ್ಟುಕೊಂಡು ವಿವರಿಸುತ್ತೇನೆ. ಬೆಂಗಳೂರಿನ ವಿಠಲ್ ಮಲ್ಯ ರಸ್ತೆಯ ಜೆಡಬ್ಲ್ಯು ಮ್ಯಾರಿಯಟ್, ಬ್ರಿಗೇಡ್ ಗೇಟ್‌ವೇಯ ಶೆರಟನ್, ಐಟಿಸಿ ಗಾರ್ಡೇನಿಯ ಎಲ್ಲವೂ ಈ ಒಂದೇ ಯೋಜನೆಗೆ ಸೇರಿವೆ. ಹಾಗಾಗಿ ನಮ್ಮಲ್ಲಿ ಹೆಚ್ಚು ಜನರ ಬಳಿ ಇರುವುದು ಇದೇ ಪಾಯಿಂಟ್ಸ್. ವಿಮಾನ ಕಂಪನಿಗಳ ದೊಡ್ಡ ಪಟ್ಟಿ ಇರುವುದೂ ಇದರಲ್ಲೇ.

ಮೊದಲು ಈ ವ್ಯವಹಾರ ನಡೆಯುವುದು ಹೇಗೆ ಎಂದು ತಿಳಿದುಕೊಳ್ಳಬೇಕು. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಆಡ್ವಾಂಟೇಜ್ ಎಂಬ ಮೈಲ್ಸ್ ಯೋಜನೆ ಆರಂಭಿಸಿದಾಗ ಮೈಲ್ಸ್ ಎಂದರೆ ನಿಜಕ್ಕೂ ಹಾರಿದ ದೂರದ ಲೆಕ್ಕ. ಈಗ ಹಾಗಿಲ್ಲ. ವಿಮಾನ ಕಂಪನಿಗಳು ಮೈಲ್ಸನ್ನು ಬ್ಯಾಂಕುಗಳಿಗೆ, ಹೋಟೆಲುಗಳಿಗೆ ಸಗಟು ದರದಲ್ಲಿ ಮಾರುತ್ತವೆ. ಈ ಮಾರಾಟ ಎಷ್ಟು ದೊಡ್ಡದೆಂದರೆ, ಕೋವಿಡ್ ಕಾಲದಲ್ಲಿ ವಿಮಾನಗಳೆಲ್ಲ ನೆಲದ ಮೇಲೆ ನಿಂತಿದ್ದಾಗ, 2020ರಲ್ಲಿ, ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಡೆಲ್ಟಾ ತನ್ನ ಸ್ಕೈಮೈಲ್ಸ್ ಇಟ್ಟು 900 ಕೋಟಿ ಡಾಲರ್ ಪಡೆಯಿತು. ನೀವು ಹೋಟೆಲ್ ಪಾಯಿಂಟ್ಸ್ ಕೊಟ್ಟು ಮೈಲ್ಸ್ ಕೇಳಿದಾಗ, ಹೋಟೆಲ್ ಕಂಪನಿ ಆ ಮೈಲ್ಸನ್ನು ವಿಮಾನ ಕಂಪನಿಯಿಂದ ದುಡ್ಡು ಕೊಟ್ಟು ಕೊಳ್ಳಬೇಕು. ಅದೇ ಪಾಯಿಂಟ್ಸಿಗೆ ತನ್ನದೇ ಖಾಲಿ ರೂಮು ಕೊಟ್ಟರೆ ಅದಕ್ಕೆ ತಗಲುವ ಖರ್ಚು ಕಡಿಮೆ. ಹಾಗಾಗಿ ಹೋಟೆಲ್ ಪಾಯಿಂಟ್ಸ್ ಮೈಲ್ಸ್ ಆಗುವಾಗ ಸೊರಗುತ್ತದೆ. ಹಳೆಯ ಒಡವೆಯನ್ನು ಅಕ್ಕಸಾಲಿಗನ ಹತ್ತಿರ ಕೊಟ್ಟು ಹೊಸದು ಮಾಡಿಸುವಾಗ ಪ್ರತಿಸಲವೂ ಒಂದಿಷ್ಟು ಸವಕಲು ಅಂತ ಹೋಗುತ್ತದಲ್ಲ, ಹಾಗೆ.

ಎಷ್ಟು ಸವಕಲು? ಅದು ಸರಪಳಿಯಿಂದ ಸರಪಳಿಗೆ ಬದಲಾಗುತ್ತದೆ. ಹಿಲ್ಟನ್ ಆನರ್ಸ್‌ನಲ್ಲಿ ಹೆಚ್ಚಿನ ವಿಮಾನ ಕಂಪನಿಗಳಿಗೆ 10,000 ಪಾಯಿಂಟ್ಸ್ ಕೊಟ್ಟರೆ ಸಿಗುವುದು 1,000 ಮೈಲ್ಸ್. ಐಎಚ್‌ಜಿಯಲ್ಲಿ 10,000ಕ್ಕೆ 2,000. ಇವೆರಡನ್ನೂ ಈ ಕೆಲಸಕ್ಕೆ ಬಳಸಲೇಬೇಡಿ ಎನ್ನುತ್ತೇನೆ. ಅಕಾರ್ ಕಥೆ ಬೇರೆ. ಅದರ ಪಾಯಿಂಟ್ಸಿಗೆ ಹೋಟೆಲಿನಲ್ಲಿ ನಿಗದಿಯಾದ ಬೆಲೆಯಿದೆ, 2,000 ಪಾಯಿಂಟ್ಸ್ ಕೊಟ್ಟರೆ ಬಿಲ್ಲಿನಲ್ಲಿ 40 ಯೂರೋ ಕಡಿತ. ಹಲವು ವಿಮಾನ ಕಂಪನಿಗಳಿಗೆ ಅದರ ದರ ಎರಡಕ್ಕೆ ಒಂದು. ಅಂದರೆ 80 ಯೂರೋ ಬೆಲೆಯ 4,000 ಪಾಯಿಂಟ್ಸ್ ಕೊಟ್ಟು 2,000 ಮೈಲ್ಸ್ ಪಡೆದಂತೆ. ಯೂರೋ ನೂರು ರೂಪಾಯಿಯ ಆಸುಪಾಸು ಎಂದಿಟ್ಟುಕೊಂಡರೆ ಒಂದೊಂದು ಮೈಲಿಗೆ 4 ರೂಪಾಯಿ ಕೊಟ್ಟ ಹಾಗಾಯಿತು. ಆ ಬೆಲೆಗೆ ಮೈಲ್ಸ್ ಕೊಂಡು ಲಾಭ ಮಾಡುವುದು ಬಹಳ ಕಷ್ಟ. ಹಯಾತ್‌ನಲ್ಲಿ ಎರಡೂವರೆಗೆ ಒಂದು, 50,000 ಒಟ್ಟಿಗೆ ಕೊಟ್ಟರೆ 5,000 ಮೈಲ್ಸ್ ಹೆಚ್ಚುವರಿ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ಹಯಾತ್ ಪಾಯಿಂಟ್ಸ್ ಕೂಡುವುದು ನಿಧಾನ, ಅದರ ರೂಮುಗಳಲ್ಲಿ ಆ ಪಾಯಿಂಟ್ಸಿಗೆ ಸಿಗುವ ಬೆಲೆಯೂ ಜಾಸ್ತಿ. ಅದನ್ನು ಮೈಲ್ಸ್ ಮಾಡಲು ನನಗಂತೂ ಮನಸ್ಸು ಬಾರದು.

ಉಳಿದದ್ದು ಬೋನ್‌ವಾಯ್. ಇಲ್ಲಿ ಮೂಲ ದರ ಮೂರಕ್ಕೆ ಒಂದು. ಒಂದೇ ಸಲಕ್ಕೆ 60,000 ಪಾಯಿಂಟ್ಸ್ ಕೊಟ್ಟರೆ 20,000 ಮೈಲ್ಸ್ ಜೊತೆಗೆ 5,000 ಮೈಲ್ಸ್ ಬೋನಸ್, ಒಟ್ಟು 25,000. ಈ 60,000 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಇಡೀ ಪದ್ಧತಿ ಅರ್ಥವಾಗುತ್ತದೆ. ಮ್ಯಾರಿಯಟ್ 2016ರಲ್ಲಿ ಸ್ಟಾರ್‌ವುಡ್ ಎಂಬ ಸರಪಳಿಯನ್ನು ಕೊಂಡಿತು. ಸ್ಟಾರ್‌ವುಡ್‌ನ ಪಾಯಿಂಟ್ಸ್ ಒಂದಕ್ಕೆ ಒಂದರಂತೆ ಮೈಲ್ಸ್ ಆಗುತ್ತಿತ್ತು, 20,000 ಕೊಟ್ಟರೆ 25,000. ಪಾಯಿಂಟ್ಸ್ ಲೋಕದಲ್ಲಿ ಅದಕ್ಕೆ ಅಷ್ಟು ಹೆಸರಿದ್ದದ್ದೇ ಆ ಒಂದು ಕಾರಣಕ್ಕೆ. 2018ರ ಆಗಸ್ಟ್‌ನಲ್ಲಿ ಎರಡು ಯೋಜನೆಗಳು ಬೆರೆತಾಗ ಒಂದು ಸ್ಟಾರ್‌ವುಡ್ ಪಾಯಿಂಟನ್ನು ಮೂರು ಮಾಡಿದರು. ಹಳೆಯ 20,000 ಹೊಸ 60,000 ಆಯಿತು, ಸಿಗುವ 25,000 ಮೈಲ್ಸ್ ಹಾಗೇ ಉಳಿಯಿತು. 2019ರಲ್ಲಿ ಬೋನ್‌ವಾಯ್ ಎಂಬ ಹೆಸರು ಬಂತು.

ಈಗ ಆ ಬೋನಸ್ಸಿನ ಹತ್ತಿರ ಸ್ವಲ್ಪ ನಿಲ್ಲೋಣ. 57,000 ಪಾಯಿಂಟ್ಸ್ ಕಳಿಸಿದರೆ ಸಿಗುವುದು 19,000 ಮೈಲ್ಸ್. ಇನ್ನು 3,000 ಪಾಯಿಂಟ್ಸ್ ಸೇರಿಸಿ 60,000 ಕಳಿಸಿದರೆ 25,000. ಕೊನೆಯ ಆ 3,000 ಪಾಯಿಂಟ್ಸ್ ಒಂದೇ 6,000 ಮೈಲ್ಸ್ ತಂದುಕೊಟ್ಟಿತು! ಅದೇ 60,000ವನ್ನು ಈ ತಿಂಗಳು 30,000, ಮುಂದಿನ ತಿಂಗಳು 30,000 ಎಂದು ಎರಡು ಕಂತಿನಲ್ಲಿ ಕಳಿಸಿದರೆ 20,000 ಮಾತ್ರ, ಬೋನಸ್ ಇಲ್ಲ. 60,000 ದಾಟಿ 1,00,000 ಕಳಿಸಿದರೂ ಬೋನಸ್ ಒಂದೇ ಸಲ. 1,20,000 ಮುಟ್ಟಿದರೆ 50,000 ಮೈಲ್ಸ್. ದಿನಕ್ಕೆ ಕಳಿಸಬಹುದಾದ ಗರಿಷ್ಠ 2,40,000. ಕನಿಷ್ಠ 3,000.

ಎಲ್ಲ ಕಂಪನಿಗಳಿಗೂ ಇದೇ ದರ ಎಂದುಕೊಳ್ಳಬೇಡಿ. ಅಮೆರಿಕನ್ ಮತ್ತು ಡೆಲ್ಟಾಗೆ ಕಳಿಸಿದರೆ 5,000ದ ಬೋನಸ್ ಈಗ ಇಲ್ಲ. ಯುನೈಟೆಡ್‌ಗೆ ಮಾತ್ರ ಪ್ರತ್ಯೇಕ ಒಪ್ಪಂದದಿಂದಾಗಿ ಸ್ವಲ್ಪ ಹೆಚ್ಚೇ ಸಿಗುತ್ತದೆ. ಏರ್ ನ್ಯೂಜಿಲೆಂಡ್‌ನದ್ದು ಡಾಲರ್ ಲೆಕ್ಕದ ಯೋಜನೆಯಾದ್ದರಿಂದ ಅಲ್ಲಿ 200ಕ್ಕೆ ಒಂದು. ವರ್ಗಾವಣೆಯ ಪುಟದಲ್ಲಿ ಕಂಪನಿಯ ಹೆಸರಿನ ಎದುರು ದರ ಬರೆದಿರುತ್ತದೆ. ಈ ದರಗಳು ಬದಲಾಗುತ್ತಿರುತ್ತವೆ, ಹಾಗಾಗಿ ಆ ದಿನದ ದರವನ್ನೇ ಓದಬೇಕು.

60,000 ಪಾಯಿಂಟ್ಸ್ ಎಂದರೆ ಎಷ್ಟು ದೊಡ್ಡದು ಅನ್ನುವ ಅಂದಾಜೂ ಇರಲಿ. ಹೆಚ್ಚಿನ ಮ್ಯಾರಿಯಟ್ ಹೋಟೆಲುಗಳಲ್ಲಿ ಒಂದು ಡಾಲರ್ ಖರ್ಚಿಗೆ 10 ಪಾಯಿಂಟ್ಸ್. ಮೂಲದರದಲ್ಲೇ 60,000 ಕೂಡಬೇಕಾದರೆ 6,000 ಡಾಲರ್, ಅಂದರೆ 5 ಲಕ್ಷ ರೂಪಾಯಿ ಮೀರಿದ ಹೋಟೆಲ್ ಬಿಲ್ಲು. ಗೋಲ್ಡ್ ಸದಸ್ಯರಿಗೆ ಕಾಲು ಭಾಗ, ಪ್ಲಾಟಿನಂ ಸದಸ್ಯರಿಗೆ ಅರ್ಧ ಭಾಗ ಹೆಚ್ಚುವರಿ ಸಿಗುವುದರಿಂದ ಪದೇ ಪದೇ ಉಳಿದುಕೊಳ್ಳುವವರಿಗೆ ಬೇಗ ಕೂಡುತ್ತದೆ. 2023ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಮ್ಯಾರಿಯಟ್ ಜೊತೆ ಸೇರಿ ಒಂದು ಕ್ರೆಡಿಟ್ ಕಾರ್ಡ್ ತಂದಿತು. ಅದು ಬಂದಾಗಿನ ದರ: ಮ್ಯಾರಿಯಟ್ ಹೋಟೆಲಿನಲ್ಲಿ 150 ರೂಪಾಯಿಗೆ 8 ಪಾಯಿಂಟ್ಸ್, ಪ್ರಯಾಣ ಮತ್ತು ಊಟಕ್ಕೆ 4, ಉಳಿದ ಖರ್ಚಿಗೆ 2. ದಿನಸಿ, ಬಟ್ಟೆಬರೆ ಎಂದು 2 ಪಾಯಿಂಟ್ಸಿನ ಖರ್ಚಿನಲ್ಲೇ 60,000 ಕೂಡಬೇಕೆಂದರೆ 45 ಲಕ್ಷ ರೂಪಾಯಿ ಉಜ್ಜಬೇಕು. ಆ ಕಾರ್ಡಿನ ಸೊಗಸು ಇರುವುದು ವರ್ಷಕ್ಕೊಂದು ಉಚಿತ ರಾತ್ರಿಯಲ್ಲಿ. ವಿಮಾನದ ಆಸೆಗೆ ಅದನ್ನು ಮಾಡಿಸಿಕೊಂಡರೆ ನಿರಾಸೆಯೇ ಗತಿ.

ಇಷ್ಟು ಕಷ್ಟಪಟ್ಟು ಕೂಡಿದ 60,000ವನ್ನು ಎಲ್ಲಿ ಖರ್ಚು ಮಾಡಬೇಕು? ಇದಕ್ಕೆ ರೂಪಾಯಿಯಲ್ಲೇ ಉತ್ತರ ಹುಡುಕಬೇಕು. ಒಂದು ಕಲ್ಪಿತ ಲೆಕ್ಕ ಮಾಡೋಣ. ನೀವು ಹೋಗಬೇಕೆಂದಿರುವ ಊರಿನ ಹೋಟೆಲ್ ರಾತ್ರಿಗೆ 15,000 ಪಾಯಿಂಟ್ಸ್ ಕೇಳುತ್ತದೆ, ದುಡ್ಡು ಕೊಟ್ಟರೆ ತೆರಿಗೆ ಸೇರಿ 12,000 ರೂಪಾಯಿ. ಒಂದು ಪಾಯಿಂಟಿಗೆ 80 ಪೈಸೆ ಬಿತ್ತು. ಬೋನ್‌ವಾಯ್‌ನಲ್ಲಿ ಸತತ ಐದು ರಾತ್ರಿ ಪಾಯಿಂಟ್ಸಿನಲ್ಲೇ ಉಳಿದರೆ ನಾಲ್ಕು ರಾತ್ರಿಯ ಪಾಯಿಂಟ್ಸ್ ಮಾತ್ರ ತೆಗೆದುಕೊಳ್ಳುತ್ತಾರೆ. ಆಗ 60,000ಕ್ಕೆ ಐದು ರಾತ್ರಿ, ಅಂದರೆ 60,000 ರೂಪಾಯಿಯ ವಸತಿ, ಪಾಯಿಂಟಿಗೆ ಒಂದು ರೂಪಾಯಿ.

ಈಗ ವಿಮಾನ. ಒಂದು ಇಕಾನಮಿ ಟಿಕೆಟಿಗೆ 25,000 ಮೈಲ್ಸ್ ಬೇಕು, ಅದೇ ಟಿಕೆಟಿನ ನಗದು ಬೆಲೆ 42,000 ರೂಪಾಯಿ ಎಂದಿರಲಿ. ಅವಾರ್ಡ್ ಟಿಕೆಟ್ ಪೂರ್ತಿ ಉಚಿತವಲ್ಲ, ತೆರಿಗೆ ಮತ್ತು ಶುಲ್ಕ ಕೈಯಿಂದ ಕಟ್ಟಬೇಕು. ಅದು 9,000 ಎಂದರೆ ಉಳಿದದ್ದು 33,000. ಅದನ್ನು ಕೊಟ್ಟ 60,000 ಪಾಯಿಂಟ್ಸಿನಿಂದ ಭಾಗಿಸಿದರೆ 55 ಪೈಸೆ. ಹೋಟೆಲಿನಲ್ಲಿ ಒಂದು ರೂಪಾಯಿ ಬಾಳುತ್ತಿದ್ದದ್ದು ಇಲ್ಲಿ ಅರ್ಧಕ್ಕೆ ಬಂತು. ಹೀಗಿದ್ದಾಗ ಪಾಯಿಂಟ್ಸಿನಲ್ಲಿ ರೂಮು ಮಾಡಿ, ರೂಮಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಟಿಕೆಟ್ ಕೊಳ್ಳುವುದೇ ಜಾಣತನ. ಅಪ್ಪ ಅಮ್ಮ ಆ ಊರು ನೋಡಿದ್ದಂತೂ ಅದೇ ಆಯಿತಲ್ಲ.

ಬಿಸಿನೆಸ್ ಕ್ಲಾಸಿನಲ್ಲಿ ಲೆಕ್ಕ ತಿರುಗುತ್ತದೆ. 50,000 ಮೈಲ್ಸಿಗೆ ಸಿಗುವ ಬಿಸಿನೆಸ್ ಸೀಟಿನ ನಗದು ಬೆಲೆ ಒಂದೂವರೆ ಲಕ್ಷ, ತೆರಿಗೆ 18,000 ಎಂದಿರಲಿ. 1,20,000 ಪಾಯಿಂಟ್ಸಿಗೆ 1,32,000 ರೂಪಾಯಿ ಉಳಿಯಿತು, ಪಾಯಿಂಟಿಗೆ ಒಂದು ರೂಪಾಯಿ ಹತ್ತು ಪೈಸೆ. ಪಾಯಿಂಟ್ಸ್ ಬಗ್ಗೆ ಬರೆಯುವವರೆಲ್ಲ ಬಿಸಿನೆಸ್ ಕ್ಲಾಸಿನ ಹಿಂದೆ ಬೀಳುವುದು ಇದಕ್ಕೇ. ಆದರೆ ಇಲ್ಲೊಂದು ಪ್ರಾಮಾಣಿಕ ಪ್ರಶ್ನೆ ಕೇಳಿಕೊಳ್ಳಬೇಕು: ಪಾಯಿಂಟ್ಸ್ ಇಲ್ಲದಿದ್ದರೆ ನಾನು ಆ ಸೀಟಿಗೆ ಒಂದೂವರೆ ಲಕ್ಷ ಕೊಡುತ್ತಿದ್ದೆನೇ? ಇಲ್ಲ, ಹೆಚ್ಚೆಂದರೆ 70,000 ಕೊಡುತ್ತಿದ್ದೆ ಎನ್ನುವುದಾದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ 70,000ವನ್ನೇ. ಹಾಗೆಂದು ಎಲ್ಲವನ್ನೂ ರೂಪಾಯಿಗೆ ಇಳಿಸಬೇಕೆಂದೂ ನಾನು ಹೇಳುವುದಿಲ್ಲ. ಮಂಡಿನೋವಿರುವ ಎಪ್ಪತ್ತು ದಾಟಿದ ತಾಯಿ ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದಾರೆ ಎನ್ನಿ. ಅವರು ಕಾಲು ಚಾಚಿ ಮಲಗಿಕೊಂಡು ಹೋಗುವುದಕ್ಕೆ ಬೆಲೆ ಕಟ್ಟುವ ಅಗತ್ಯವೇ ಇಲ್ಲ. ಅಲ್ಲಿ ಪಾಯಿಂಟ್ಸ್ ಸುರಿಯಿರಿ.

ಪಾಯಿಂಟ್ಸ್ ಬದಲಾಯಿಸಲು ಇನ್ನೂ ಎರಡು ಒಳ್ಳೆಯ ಕಾರಣಗಳಿವೆ. ಒಂದು, ಕೊರತೆ ತುಂಬುವುದು. ಟಿಕೆಟಿಗೆ 35,000 ಮೈಲ್ಸ್ ಬೇಕು, ಹಾರಾಟದಿಂದ ಕೂಡಿದ 31,000 ಆಗಲೇ ಖಾತೆಯಲ್ಲಿದೆ. 12,000 ಬೋನ್‌ವಾಯ್ ಪಾಯಿಂಟ್ಸ್ ಕೊಟ್ಟರೆ ಆ 4,000ದ ಕೊರತೆ ತುಂಬಿ, ಸುಮ್ಮನೆ ಬಿದ್ದಿದ್ದ 31,000ಕ್ಕೂ ಜೀವ ಬರುತ್ತದೆ. ಬೋನಸ್ ಸಿಗದಿದ್ದರೂ ಇದು ಒಳ್ಳೆಯ ವ್ಯಾಪಾರವೇ. ಇನ್ನೊಂದು, ಬೇರೆ ದಾರಿಯೇ ಇಲ್ಲದ ಕಂಪನಿಯ ಮೈಲ್ಸ್ ಬೇಕಾದಾಗ. ನಮ್ಮಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಇಟ್ಟುಕೊಂಡವರು ಅದರ ಪಾಯಿಂಟ್ಸನ್ನು ಒಂದಕ್ಕೊಂದರಂತೆ ಬೋನ್‌ವಾಯ್‌ಗೆ ಕಳಿಸುವುದು ವಾಡಿಕೆ. ಅಲ್ಲಿಂದ ವಿಮಾನಕ್ಕೆ ಹೋದರೆ 60,000ಕ್ಕೆ 25,000. ಅದೇ ಕಾರ್ಡಿನಿಂದ ನೇರವಾಗಿ ವಿಮಾನ ಕಂಪನಿಗೆ ಸಾಮಾನ್ಯವಾಗಿ ಎರಡಕ್ಕೊಂದು, 60,000ಕ್ಕೆ 30,000. ನೇರ ದಾರಿ ಇರುವಾಗ ಹೋಟೆಲಿನ ಮೂಲಕ ಸುತ್ತಿಕೊಂಡು ಹೋದರೆ 5,000 ಮೈಲ್ಸ್ ನಷ್ಟ. ಕಾರ್ಡಿನ ಪಟ್ಟಿಯಲ್ಲಿ ಇಲ್ಲದ ಯುನೈಟೆಡ್, ಅಲಾಸ್ಕಾದಂಥ ಕಂಪನಿಗಳ ಮೈಲ್ಸ್ ಬೇಕಾದಾಗ ಮಾತ್ರ ಈ ಸುತ್ತು ದಾರಿಗೆ ಅರ್ಥವಿದೆ.

ಇನ್ನು ತೆರಿಗೆ, ಶುಲ್ಕದ ವಿಚಾರ. ಎಲ್ಲಕ್ಕಿಂತ ಹೆಚ್ಚು ಜನ ಬೆಚ್ಚಿಬೀಳುವುದು ಇಲ್ಲೇ. ಟಿಕೆಟಿನ ಮೇಲೆ ಎರಡು ಬಗೆಯ ಹೊರೆ ಇರುತ್ತದೆ. ವಿಮಾನ ನಿಲ್ದಾಣದ ಶುಲ್ಕ, ಸರ್ಕಾರದ ತೆರಿಗೆ ಒಂದು ಬಗೆ, ಅದನ್ನು ತಪ್ಪಿಸಲಾಗದು. ಇನ್ನೊಂದು ವಿಮಾನ ಕಂಪನಿಯೇ ಹೇರುವ ಸರ್‌ಚಾರ್ಜ್. ಹಿಂದೆ ಇಂಧನದ ಹೆಸರಿನಲ್ಲಿ ಬಂದದ್ದು, ತೈಲ ಇಳಿದರೂ ಹೋಗಲಿಲ್ಲ. ಇದು ಕಂಪನಿಯಿಂದ ಕಂಪನಿಗೆ ಅಜಗಜಾಂತರ. ಬ್ರಿಟಿಷ್ ಏರ್‌ವೇಸ್‌ನ ದೂರದ ಹಾರಾಟಗಳಲ್ಲಿ ಈ ಸರ್‌ಚಾರ್ಜ್ ಭಾರ ಜಾಸ್ತಿ. ಅದರ ಮೇಲೆ ಲಂಡನ್‌ನಿಂದ ಪ್ರಯಾಣ ಆರಂಭಿಸಿದರೆ ಬ್ರಿಟನ್ ಸರ್ಕಾರದ ಪ್ರಯಾಣಿಕ ತೆರಿಗೆ, ಬಿಸಿನೆಸ್ ಕ್ಲಾಸಿಗೆ ಅದೂ ಹೆಚ್ಚು. ಸಿಂಗಪುರ್ ಏರ್‌ಲೈನ್ಸ್ 2017ರಿಂದ ತನ್ನದೇ ವಿಮಾನದ ಅವಾರ್ಡ್ ಟಿಕೆಟಿಗೆ ಇಂಧನ ಸರ್‌ಚಾರ್ಜ್ ಹಾಕುವುದನ್ನು ಬಿಟ್ಟಿದೆ. ಏರ್ ಕೆನಡಾದ ಮೈಲ್ಸ್ ಯೋಜನೆ ಏರೋಪ್ಲಾನ್ ತನ್ನ ಮೂಲಕ ಮಾಡಿಸಿದ ಯಾವ ಕಂಪನಿಯ ಅವಾರ್ಡ್ ಟಿಕೆಟಿಗೂ ಸರ್‌ಚಾರ್ಜ್ ಹಾಕುವುದಿಲ್ಲ, ಪಾಲುದಾರ ಕಂಪನಿಯ ವಿಮಾನವಾದರೆ 39 ಕೆನಡಿಯನ್ ಡಾಲರ್ ಬುಕಿಂಗ್ ಶುಲ್ಕ ಅಷ್ಟೇ. ಹಾಗಾಗಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವ ಲುಫ್ತಾನ್ಸಾ ವಿಮಾನದ ಅದೇ ಸೀಟನ್ನು ಯಾವ ಕಂಪನಿಯ ಮೈಲ್ಸ್ ಕೊಟ್ಟು ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಕೈಯಿಂದ ಹೋಗುವ ದುಡ್ಡು ಬದಲಾಗುತ್ತದೆ. ಆ ದುಡ್ಡನ್ನು ವಿದೇಶಿ ಕರೆನ್ಸಿಯಲ್ಲಿ ಕಟ್ಟುವಾಗ ನಮ್ಮ ಸಾಮಾನ್ಯ ಕ್ರೆಡಿಟ್ ಕಾರ್ಡುಗಳು ಶೇ 3.5ರಷ್ಟು ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಮಾರ್ಕಪ್ ಕಡಿಮೆ ಇರುವ ಕಾರ್ಡ್ ಇದ್ದರೆ ಆಗ ಅದನ್ನೇ ತೆಗೆಯಿರಿ.

ಈಗ ಸೀಟು ಹುಡುಕುವ ಕೆಲಸ. ವಿಮಾನದಲ್ಲಿ ಸೀಟು ಖಾಲಿ ಇದೆ ಎಂದ ಮಾತ್ರಕ್ಕೆ ಅವಾರ್ಡ್ ಸೀಟು ಇದೆ ಎಂದಲ್ಲ. ಕಂಪನಿ ಕಡಿಮೆ ದರದ ಅವಾರ್ಡಿಗೆಂದು ಕೆಲವೇ ಸೀಟು ಬಿಡುತ್ತದೆ, ಅದರಲ್ಲೂ ಪಾಲುದಾರ ಕಂಪನಿಗಳ ಸದಸ್ಯರಿಗೆ ಇನ್ನೂ ಕಡಿಮೆ. ಹಲವು ಕಂಪನಿಗಳು ಹೊರಡುವ ದಿನಕ್ಕೆ ಸುಮಾರು 11-12 ತಿಂಗಳು ಮುಂಚೆ ಸೀಟು ತೆರೆಯುತ್ತವೆ, ಸಿಂಗಪುರ್ ಏರ್‌ಲೈನ್ಸ್ ಮತ್ತು ಬ್ರಿಟಿಷ್ ಏರ್‌ವೇಸ್ 355 ದಿನ ಮುಂಚೆ. ಮತ್ತೆ ಪ್ರಯಾಣಕ್ಕೆ ಒಂದೆರಡು ವಾರ ಇದ್ದಾಗ ಮಾರಾಟವಾಗದ ಸೀಟುಗಳು ಹೊರಬರುವುದೂ ಉಂಟು. ಏಪ್ರಿಲ್-ಮೇ ಬೇಸಿಗೆ ರಜೆ, ದಸರಾ, ಡಿಸೆಂಬರ್ ಕೊನೆಯಲ್ಲಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಮಕ್ಕಳ ಶಾಲೆಯ ಹಂಗಿಲ್ಲದ ಹಿರಿಯರಿಗೆ ಈ ಪದ್ಧತಿ ಹೊಂದುವುದು ಇದೇ ಕಾರಣಕ್ಕೆ, ಫೆಬ್ರವರಿಯಲ್ಲೂ ಹೊರಡಬಹುದು, ಸೆಪ್ಟೆಂಬರಿನಲ್ಲೂ ಹೊರಡಬಹುದು.

ಹುಡುಕುವಾಗ ಎಷ್ಟು ಜನ ಹೋಗುತ್ತೀರೋ ಅಷ್ಟೂ ಜನರ ಸಂಖ್ಯೆ ಹಾಕಿ ಹುಡುಕಬೇಕು. ಒಬ್ಬರಿಗೆಂದು ಹುಡುಕಿದಾಗ 25,000 ತೋರಿಸುವ ಸೀಟು ಇಬ್ಬರಿಗೆಂದು ಹುಡುಕಿದರೆ ಮಾಯವಾಗುತ್ತದೆ, ಏಕೆಂದರೆ ಆ ದರದಲ್ಲಿ ಇದ್ದದ್ದೇ ಒಂದು ಸೀಟು. ಸ್ಟಾರ್ ಅಲಯನ್ಸ್ ಎಂಬ ಒಕ್ಕೂಟಕ್ಕೆ ಸೇರಿದ ವಿಮಾನ ಕಂಪನಿಗಳ ಸೀಟನ್ನು ಯುನೈಟೆಡ್ ಅಥವಾ ಏರ್ ಕೆನಡಾದ ಜಾಲತಾಣದಲ್ಲಿ ಹುಡುಕುವುದು ಸುಲಭ, ಉಚಿತ ಸದಸ್ಯತ್ವ ಸಾಕು. ಆದರೆ ಒಂದು ಕಡೆ ಕಂಡ ಸೀಟು ಇನ್ನೊಂದು ಕಂಪನಿಯ ಮೈಲ್ಸಿಗೆ ಸಿಗಲೇಬೇಕೆಂದಿಲ್ಲ. ತೋರಿಸಿಯೂ ಬುಕ್ ಆಗದ ಭೂತಸೀಟುಗಳೂ ಇವೆ. ಪರೀಕ್ಷಿಸುವ ಉಪಾಯ ಇಷ್ಟು: ಯಾವ ಕಂಪನಿಗೆ ಪಾಯಿಂಟ್ಸ್ ಕಳಿಸಬೇಕೆಂದಿದ್ದೀರೋ ಅದರದೇ ತಾಣದಲ್ಲಿ ಸೀಟು ಆರಿಸಿ, ಪ್ರಯಾಣಿಕರ ವಿವರ ತುಂಬುತ್ತಾ, ಮೈಲ್ಸ್ ಸಾಲದು ಎಂದು ಅದು ತಡೆಯುವವರೆಗೂ ಹೋಗಿ. ತೆರಿಗೆ ಎಷ್ಟು ಎಂದು ಅಲ್ಲೇ ಕಾಣುತ್ತದೆ. ಅನುಮಾನವಿದ್ದರೆ ಫೋನ್ ಮಾಡಿ ಆ ವಿಮಾನದ ಸಂಖ್ಯೆ, ದಿನ ಹೇಳಿ ಕೇಳಿ.

ಸೀಟು ಇದೆ, ಲೆಕ್ಕವೂ ಒಪ್ಪಿತು ಎಂದಿಟ್ಟುಕೊಳ್ಳಿ. ಈಗಲೂ ಒಂದು ತೊಡಕು ಬಾಕಿ, ಅದು ವಿಶೇಷವಾಗಿ ನಮ್ಮ ಕಡೆಯವರದ್ದು. ಹೆಸರು. ಬೋನ್‌ವಾಯ್ ಖಾತೆಯ ಹೆಸರೂ ವಿಮಾನ ಕಂಪನಿಯ ಖಾತೆಯ ಹೆಸರೂ ಒಂದೇ ಇರಬೇಕು. ಈ ಯೋಜನೆಗಳನ್ನೆಲ್ಲ ಮಾಡಿದವರ ತಲೆಯಲ್ಲಿದ್ದದ್ದು ಒಂದು ಮೊದಲ ಹೆಸರು, ಒಂದು ಮನೆತನದ ಹೆಸರು. ನಮ್ಮಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಹಿಂದಿಟ್ಟು ಒಂದೇ ಹೆಸರು. ಆಫೀಸಿನವರು ಹೋಟೆಲ್ ಖಾತೆ ಮಾಡಿಸುವಾಗ ‘ರಮೇಶ ಬಿ ಎನ್’ ಎಂದು ಹಾಕಿರುತ್ತಾರೆ, ‘ಬಿ ಎನ್’ ಹೋಗಿ ಮನೆತನದ ಹೆಸರಿನ ಜಾಗದಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ‘ಬಸವನಹಳ್ಳಿ ನಾಗರಾಜ ರಮೇಶ’ ಎಂದಿರುತ್ತದೆ, ಮನೆತನದ ಹೆಸರಿನ ಜಾಗ ಖಾಲಿ. ವಿಮಾನ ಕಂಪನಿಯ ತಾಣ ಆ ಜಾಗ ಖಾಲಿ ಬಿಡಲು ಒಪ್ಪದ್ದರಿಂದ ಅಲ್ಲಿ ಇನ್ನೇನೋ ಒಂದು. ಒಬ್ಬರೇ ಮನುಷ್ಯರು, ಮೂರು ಕಡೆ ಮೂರು ಹೆಸರು. ಪಾಯಿಂಟ್ಸ್ ಕಳಿಸಿದಾಗ ಹೆಸರು ಹೊಂದದೆ ತಿರಸ್ಕಾರವಾಗಬಹುದು, ಇಲ್ಲವೇ ನಡುದಾರಿಯಲ್ಲಿ ಸಿಕ್ಕಿಕೊಂಡು, ಅದನ್ನು ಸರಿಪಡಿಸುವಷ್ಟರಲ್ಲಿ ಸೀಟು ಬೇರೆಯವರ ಪಾಲಾಗಬಹುದು.

ಆದ್ದರಿಂದ ಪ್ರಯಾಣದ ಯೋಚನೆ ಬರುವ ಮೊದಲೇ ಈ ಕೆಲಸ ಮುಗಿಸಿಡಿ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಿ. ಮನೆತನದ ಹೆಸರು ಖಾಲಿ ಇದ್ದರೆ ಆ ವಿಮಾನ ಕಂಪನಿ ಅಂಥವರಿಗೆ ಹೇಗೆ ತುಂಬಲು ಹೇಳುತ್ತದೆ ಎಂದು ನೋಡಿ, ಕೆಲವರು ಇರುವ ಹೆಸರನ್ನೇ ಎರಡು ಸಲ ಹಾಕಲು ಹೇಳುತ್ತಾರೆ. ಅದರಂತೆ ವಿಮಾನದ ಖಾತೆ ಮಾಡಿ. ನಂತರ ಹೋಟೆಲ್ ಖಾತೆಯ ಹೆಸರನ್ನು ಗ್ರಾಹಕ ಸೇವೆಗೆ ದಾಖಲೆ ಕೊಟ್ಟು ಅದಕ್ಕೆ ಹೊಂದಿಸಿಕೊಳ್ಳಿ.

ಪಾಯಿಂಟ್ಸ್ ಗಂಡನ ಖಾತೆಯಲ್ಲಿ ಅರ್ಧ, ಹೆಂಡತಿಯ ಖಾತೆಯಲ್ಲಿ ಅರ್ಧ ಇರುವ ಮನೆಗಳೂ ಬಹಳ. ಇಬ್ಬರ ಬಳಿಯೂ 30,000 ಇದ್ದರೆ ಬೇರೆ ಬೇರೆಯಾಗಿ ವಿಮಾನಕ್ಕೆ ಕಳಿಸಬೇಡಿ, ಬೋನಸ್ ಹೋಗುತ್ತದೆ. ಬೋನ್‌ವಾಯ್ ಒಳಗೇ ಒಬ್ಬ ಸದಸ್ಯರು ಇನ್ನೊಬ್ಬರಿಗೆ ವರ್ಷಕ್ಕೆ 1,00,000 ಪಾಯಿಂಟ್ಸ್ ತನಕ ಕೊಡಬಹುದು. ಮೊದಲು ಒಬ್ಬರ ಖಾತೆಯಲ್ಲಿ 60,000 ಸೇರಿಸಿಕೊಂಡು, ಅದೇ ಹೆಸರಿನ ವಿಮಾನ ಖಾತೆಗೆ ಕಳಿಸಿ, ಅಲ್ಲಿಂದ ಮನೆಯವರಿಗೆಲ್ಲ ಟಿಕೆಟ್ ಮಾಡಿಸಿ. ಆದರೆ ಯಾರಿಗೆ ಮಾಡಿಸಬಹುದು ಅನ್ನುವುದಕ್ಕೂ ಕಟ್ಟಳೆ ಇದೆ. ಜಪಾನಿನ ಎಎನ್‌ಎ ಮತ್ತು ಜಪಾನ್ ಏರ್‌ಲೈನ್ಸ್ ತಮ್ಮ ಅವಾರ್ಡನ್ನು ಹತ್ತಿರದ ಸಂಬಂಧಿಕರಿಗಷ್ಟೇ ಬಿಡುತ್ತವೆ, ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಅಜ್ಜಿ ತಾತ, ಒಡಹುಟ್ಟಿದವರು. ಗೆಳೆಯನಿಗೆ ಆಗದು, ದೊಡ್ಡಪ್ಪನ ಮಗನಿಗೂ ಆಗದು. ಸಿಂಗಪುರ್ ಏರ್‌ಲೈನ್ಸಿನ ಮೈಲ್ಸ್ ಯೋಜನೆ ಕ್ರಿಸ್‌ಫ್ಲೈಯರ್‌ನಲ್ಲಿ ಐದು ಜನರ ತನಕ ಹೆಸರನ್ನು ನೋಂದಾಯಿಸಿಡಬಹುದು, ನಿಮ್ಮನ್ನು ಬಿಟ್ಟರೆ ಅವರಿಗೆ ಮಾತ್ರ.

ವರ್ಗಾವಣೆಯ ಗುಂಡಿ ಒತ್ತಿದ ಮೇಲೆ ಹಿಂದೆ ಬರುವ ದಾರಿ ಇಲ್ಲ. ಮೈಲ್ಸ್ ಸಾಮಾನ್ಯವಾಗಿ ಮತ್ತೆ ಹೋಟೆಲ್ ಪಾಯಿಂಟ್ಸ್ ಆಗುವುದಿಲ್ಲ. ನಂತರ ಟಿಕೆಟ್ ರದ್ದು ಮಾಡಿದರೂ ಮೈಲ್ಸ್ ಮರಳುವುದು ವಿಮಾನದ ಖಾತೆಗೆ. ಹೋಗಿ ಸೇರಲು ಕೆಲವು ಕಂಪನಿಗಳಿಗೆ ಒಂದೆರಡು ದಿನ ಸಾಕು, ಕೆಲವಕ್ಕೆ ವಾರ ಮೀರುತ್ತದೆ. ಅಷ್ಟರಲ್ಲಿ ಕಂಡಿದ್ದ ಸೀಟು ಹೋದರೆ? ಹೋಗಬಹುದು, ಈ ಗಂಡಾಂತರ ಪೂರ್ತಿ ತಪ್ಪುವುದಿಲ್ಲ. ಅದಕ್ಕೇ ಒಂದೇ ದಿನ, ಒಂದೇ ಸೀಟು ನೆಚ್ಚಿಕೊಂಡು ಕಳಿಸಬೇಡಿ. ಹಿಂದೆ ಮುಂದೆ ನಾಲ್ಕು ದಿನ ಸೀಟು ಇರುವ ಮಾರ್ಗವನ್ನೇ ಆರಿಸಿಕೊಂಡರೆ ಒಂದು ಕೈತಪ್ಪಿದರೂ ಇನ್ನೊಂದು ಸಿಗುತ್ತದೆ.

ಅವಧಿಯ ಭಯದಿಂದ ಪಾಯಿಂಟ್ಸ್ ಸಾಗಿಸುವವರೂ ಇದ್ದಾರೆ. ಅದು ಬಾಣಲೆಯಿಂದ ಬೆಂಕಿಗೆ. ಬೋನ್‌ವಾಯ್ ಪಾಯಿಂಟ್ಸ್ ಸಾಯುವುದು 24 ತಿಂಗಳು ಖಾತೆಯಲ್ಲಿ ಏನೂ ಚಟುವಟಿಕೆ ಇಲ್ಲದಿದ್ದರೆ ಮಾತ್ರ. ನಡುವೆ ಒಂದು ರಾತ್ರಿ ಉಳಿದುಕೊಂಡರೂ ಗಡಿಯಾರ ಮತ್ತೆ ಮೊದಲಿನಿಂದ ಆರಂಭ. ಕ್ರಿಸ್‌ಫ್ಲೈಯರ್ ಮೈಲ್ಸ್ ಹಾಗಲ್ಲ, ಬಂದ ದಿನದಿಂದ 36 ತಿಂಗಳು, ನೀವು ಎಷ್ಟೇ ಹಾರಾಡಿದರೂ ಅಷ್ಟೇ. ಅದರ ಜೊತೆಗೆ ವಿಮಾನ ಕಂಪನಿ ನಡುವೆ ದರ ಏರಿಸಿದರೆ ಕೂಡಿಟ್ಟ ಮೈಲ್ಸ್ ಕರಗಿದಂತೆ. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಅವಾರ್ಡಿನ ದರಪಟ್ಟಿಯನ್ನೇ ತೆಗೆದುಹಾಕಿದವು. ಈಗ ಅವುಗಳ ಸ್ವಂತ ವಿಮಾನಗಳಲ್ಲಿ ಇವತ್ತಿನ ದರ ನಾಳೆ ಇರುತ್ತದೆಂದು ಹೇಳುವಂತಿಲ್ಲ. ನೀವಾಗಿ ಪಾಯಿಂಟ್ಸ್ ಕೊಂಡು ಮೈಲ್ಸ್ ಮಾಡುವ ಯೋಚನೆಯಿದ್ದರೂ ಬಿಡಿ. ಬೋನ್‌ವಾಯ್‌ನ ಸಾಮಾನ್ಯ ಬೆಲೆ 1,000ಕ್ಕೆ 12.5 ಡಾಲರ್. 60,000ಕ್ಕೆ 750 ಡಾಲರ್ ಕೊಟ್ಟು 25,000 ಮೈಲ್ಸ್ ಕೊಳ್ಳುವ ಬದಲು ಆ ದುಡ್ಡಿಗೆ ಟಿಕೆಟ್ಟೇ ಬಂದೀತು. 57,000 ಇದ್ದು ಕೊನೆಯ 3,000 ಕೊಳ್ಳಬೇಕಾದರೆ ಮಾತ್ರ ಅದು ಬೇರೆ ಮಾತು. 37.5 ಡಾಲರಿಗೆ 6,000 ಮೈಲ್ಸ್, ಕಣ್ಣುಮುಚ್ಚಿ ಕೊಳ್ಳಿ.

ಮೈಲ್ಸ್ ಖಾತೆಗೆ ಬಂದ ದಿನವೇ ಟಿಕೆಟ್ ಮಾಡಿಸಿ. ಮಾಡಿಸಿದ ಮೇಲೆ 13 ಅಂಕಿಯ ಟಿಕೆಟ್ ಸಂಖ್ಯೆ ಬಂದಿದೆಯೇ ನೋಡಿ. ಬುಕಿಂಗ್ ಸಂಖ್ಯೆ ಒಂದೇ ಬಂದು ಟಿಕೆಟ್ ಸಂಖ್ಯೆ ಬರದಿದ್ದರೆ ಟಿಕೆಟ್ ಇನ್ನೂ ಆಗಿಲ್ಲ ಎಂದರ್ಥ, ಫೋನ್ ಮಾಡಬೇಕು. ಏರೋಪ್ಲಾನ್ ಮೂಲಕ ಲುಫ್ತಾನ್ಸಾ ವಿಮಾನಕ್ಕೆ ಮಾಡಿಸಿದ್ದರೆ ಆ ಸಂಖ್ಯೆ ಏರ್ ಕೆನಡಾದ 014ರಿಂದ ಆರಂಭವಾಗುತ್ತದೆ. ಸೀಟು ಆರಿಸಲು, ಸಸ್ಯಾಹಾರ ಹೇಳಿಡಲು, ಹಿರಿಯರಿಗೆ ಗಾಲಿಕುರ್ಚಿ ಕೇಳಲು ಲುಫ್ತಾನ್ಸಾದ ಪ್ರತ್ಯೇಕ ಬುಕಿಂಗ್ ಸಂಖ್ಯೆ ಬೇಕು, ಅದನ್ನು ಏರೋಪ್ಲಾನ್‌ನವರಿಂದಲೇ ಕೇಳಿ ಪಡೆಯಿರಿ. ವಿಮಾನದ ವೇಳೆ ಬದಲಾಗಿ ಫ್ರಾಂಕ್‌ಫರ್ಟಿನಲ್ಲಿ ಮುಂದಿನ ವಿಮಾನ ತಪ್ಪುವಂತಾದರೆ, ಹೊರಡುವ ಮುನ್ನ ಆ ಬದಲಾವಣೆ ಮಾಡಿಕೊಡಬೇಕಾದವರು ಟಿಕೆಟ್ ಕೊಟ್ಟ ಏರ್ ಕೆನಡಾದವರು. ಲುಫ್ತಾನ್ಸಾಗೆ ಫೋನ್ ಮಾಡಿದರೆ ಅವರೂ ಅಲ್ಲಿಗೇ ಕೇಳಿ ಎನ್ನುತ್ತಾರೆ. ಅಪ್ಪ ಅಮ್ಮ ಇಬ್ಬರೇ ಹೊರಟಿದ್ದರೆ ಆ ಫೋನ್ ನಂಬರ್, ಎರಡೂ ಬುಕಿಂಗ್ ಸಂಖ್ಯೆ, ಟಿಕೆಟ್ ಸಂಖ್ಯೆ ಮೂರನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಡಿ.